ವೈಯಕ್ತಿಕ ಗಣಕಯಂತ್ರದ ಪರಿಣಾಮಕ್ರಮವೂ ಅದರ ಜೀರ್ಣೋದ್ಧಾರದ ವಿಚಾರವೂ

ಕನ್ನಡನಾಡಿನ ಗ್ರಂಥರಕ್ಷಣೆಯ ಚರಿತ್ರೆಯು ಬಹುಮಟ್ಟಿಗೆ ಪ್ರತಿಮಾಡುವವರ ಚರಿತ್ರೆಯಾಗಿರುವುದು. ಓಲೆಗರಿಯು ಹುಳುವಿಗೂ ತೇವಕ್ಕೂ ಈಡಾಗಿ ಶಿಥಿಲವಾಗುವುದರೊಳಗಾಗಿ ಅದರಲ್ಲಿದ್ದ ಗ್ರಂಥವನ್ನು ಹೊಸ ಗರಿಗೆ ಏರಿಸದೆ ಹೋದಲ್ಲಿ ಗರಿಯೊಡನೆ ಗ್ರಂಥವೂ ನಷ್ಟವಾಗುತ್ತಿದ್ದಿತು. ಹತ್ತನೆಯ ಶತಮಾನದ ಕೊನೆಯಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ದಾನದ ಮಹಿಮೆಯು ಗರಿಯ ನುಣುಪಿನಲ್ಲಿ ಇರಲಿಲ್ಲ, ಗ್ರಂಥವು ಉಳಿದುದರಲ್ಲಿ ಇದ್ದಿತು.

ಕಳೆದ ನಾಲ್ಕು ದಶಕಗಳಿಂದ ಓಲೆಗರಿಯೂ ಕಾಗದವೂ ಮಾಡುತ್ತಿದ್ದ ಕೆಲಸದ ಒಂದು ದೊಡ್ಡ ಭಾಗವನ್ನು ವೈಯಕ್ತಿಕ ಗಣಕಯಂತ್ರವು ವಹಿಸಿಕೊಂಡಿದೆ. ಗ್ರಂಥಸಂಪಾದನೆ, ಪದಸೂಚಿ, ನಿಘಂಟು, ಶಾಸನಪಾಠ, ಪಾಠಪುಸ್ತಕ ಇವೆಲ್ಲವೂ ಈಗ ಅದರಲ್ಲಿಯೇ ಸಿದ್ಧವಾಗುತ್ತಿರುವುವು. ಆದರೆ ಓಲೆಗರಿಯು ಬಾಳುವಷ್ಟು ಕಾಲ ಈ ಯಂತ್ರವು ಬಾಳುವುದಿಲ್ಲ. ಐದಾರು ವರ್ಷಗಳಾಗುತ್ತಲೇ ಅದು ಹಳೆಯದಾಯಿತೆಂದೂ, ಅಪ್‌ಗ್ರೇಡ್ ಮಾಡಬೇಕೆಂದೂ, ಇಲ್ಲವೆ ಬಿಸುಟು ಹೊಸದನ್ನು ಕೊಳ್ಳಬೇಕೆಂದೂ ಮಾರುವವರು ಹೇಳುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ಯುಕ್ತವೆಂಬುದನ್ನು ನಿರ್ಣಯಿಸಲು ಯಂತ್ರದ ಪೂರ್ವೋತ್ತರವನ್ನು ತಿಳಿಯುವುದು ಅವಶ್ಯಕ. ಆದಕಾರಣ ಮೊದಲು ಅದರ ಪರಿಣಾಮಕ್ರಮವನ್ನೂ, ಬಳಿಕ ಕನ್ನಡ ಲಿಪಿಯು ಅದರೊಳಗೆ ಪ್ರವೇಶಿಸಿದ ಬಗೆಯನ್ನೂ, ಕೊನೆಯಲ್ಲಿ ಜೀರ್ಣೋದ್ಧಾರದ ಯುಕ್ತಾಯುಕ್ತತೆಯನ್ನೂ ಇಲ್ಲಿ ವಿಚಾರಿಸಲಾಗುವುದು.

೧. ಯಂತ್ರದ ಉತ್ಪತ್ತಿ

ಒಬ್ಬನೇ ಮನುಷ್ಯನು ತನ್ನ ಮನೆಯಲ್ಲಿಟ್ಟುಕೊಂಡು ಬಳಸಬಹುದಾದ ಗಣಕಯಂತ್ರದ ಚರಿತ್ರೆಯು ೧೯೭೫ರಿಂದ ಆರಂಭವಾಗುವುದೆಂದು ಹೇಳುವುದು ವಾಡಿಕೆ. ಆ ವರ್ಷದ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯು ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ಎಂಬವರ ಸಂಸ್ಥೆಯು ನಿರ್ಮಿಸಿದ ‘ಆಲ್ಟೇರ್ ೮೮೦೦’ ಎಂಬ ಯಂತ್ರವನ್ನು ಜನರಿಗೆ ಪರಿಚಯಮಾಡಿಕೊಟ್ಟಿತು. ಸುಮಾರು ೪೦೦ ಡಾಲರಿಗೆ ದೊರೆಯುತ್ತಿದ್ದುದು ಬಿಡಿಭಾಗಗಳ ಕಟ್ಟು. ಕೊಂಡವನೇ ಅವುಗಳನ್ನು ಜೋಡಿಸಿಕೊಳ್ಳಬೇಕಾಗಿದ್ದಿತು. ಅದಕ್ಕೆ ಕೀಲಿಮಣೆಯೂ ಇಲ್ಲ, ಪರದೆಯೂ ಇಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಆಜ್ಞೆಗಳನ್ನು ಕೊಡಬೇಕು. ಮಿನುಗುವ ದೀಪಗಳನ್ನು ನೋಡಿ ಉತ್ತರವನ್ನು ತಿಳಿಯಬೇಕು. ಅದರ ಜ್ಞಾಪಕಶಕ್ತಿಯು ೨೫೬ ಬೈಟುಗಳು ಮಾತ್ರ. ಒಂದು ಕಂದಪದ್ಯವನ್ನು ಇಡುವುದಕ್ಕೂ ಅಷ್ಟು ಸ್ಥಳವು ಸಾಲದು.

೧೯೭೭ರಲ್ಲಿ ಹೊರಟ ‘ಆಪಲ್ ೨’ ಎಂಬ ಯಂತ್ರವು ಕೀಲಿಮಣೆಯೊಡನೆ ಪೂರ್ಣವಾಗಿ ಸಿದ್ಧವಾಗಿ ಬಂದಿತು. ಅದರ ಒಡಲಿನಲ್ಲಿ ಎಂಟು ಬಿಡಿ ಸ್ಲಾಟುಗಳಿದ್ದುವು. ಕೊಂಡವನು ಮುಂದೆ ತನಗೆ ಬೇಕಾದ ಉಪಕರಣದ ಹಲಗೆಯನ್ನು ಅಲ್ಲಿ ಸಿಕ್ಕಿಸಿ ಯಂತ್ರದ ಶಕ್ತಿಯನ್ನು ಹೆಚ್ಚಿಸಿಕೊಳ್ಳಬಹುದಾಗಿದ್ದಿತು. ಯಂತ್ರವು ಒಂದು ಅಖಂಡವಸ್ತುವಲ್ಲ, ಅಂಗಾಂಗಗಳನ್ನು ಬದಲಿಸಬಹುದಾದ ಶರೀರ ಎಂಬ ಭಾವನೆಯು ಇಲ್ಲಿಯೇ ಬೇರೂರಿತು. ೧೯೮೧ ಆಗಸ್ಟ್ ೧೨ರಂದು ಐ.ಬಿ.ಎಂ. ಸಂಸ್ಥೆಯು ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಪ್ರಕಟಪಡಿಸಿದಾಗ ಈ ಭಾವನೆಗೆ ಲೋಕವ್ಯಾಪ್ತಿಯು ಉಂಟಾಯಿತು. ಅದರ ಆರಂಭದ ಬೆಲೆಯು ೧,೫೬೫ ಡಾಲರು. ಜ್ಞಾಪಕಶಕ್ತಿ ಅಥವಾ ರ್‍ಯಾಮ್ ೧೬ ಕಿಲೋಬೈಟು. ಇಂಟೆಲ್ ೮೦೮೮ ಎಂಬ ಅದರ ಪ್ರೊಸೆಸರಿನ ಗತಿಯು ೪.೭೭ ಮೆಗಾಹರ್ಟ್ಸ್, ಎಂದರೆ ಕ್ಷಣಕ್ಕೆ ಸುಮಾರು ೪೭ ಲಕ್ಷ ೭೦ ಸಾವಿರ ಮಿಡಿತಗಳು. ಹಾರ್ಡ್ ಡಿಸ್ಕು ಇರಲಿಲ್ಲ. ೧೯೮೩ರಲ್ಲಿ ಬಂದ ‘ಎಕ್ಸ್‌ಟಿ’ ಎಂಬ ಯಂತ್ರದಲ್ಲಿ ೧೦ ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ಸೇರಿಸಲಾಯಿತು.

ಐ.ಬಿ.ಎಂ. ಸಂಸ್ಥೆಯು ಈ ಯಂತ್ರವನ್ನು ಪೇಟೆಯಲ್ಲಿ ದೊರೆಯುವ ಭಾಗಗಳಿಂದಲೇ ಕಟ್ಟಿ, ಅದರ ರಚನೆಯ ವಿವರಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದುದರಿಂದ ಅನ್ಯರೂ ಅದೇ ಮಾದರಿಯ ಯಂತ್ರಗಳನ್ನು ನಿರ್ಮಿಸಲು ಶಕ್ತರಾದರು. ಒಂದು ಕಡೆ ತಯಾರಾದ ರ್‍ಯಾಮ್, ಮತ್ತೊಂದು ಕಡೆ ತಯಾರಾದ ಡಿಸ್ಕು, ಇನ್ನೊಂದು ಕಡೆಯ ಪರದೆ ಇವೆಲ್ಲ ಒಂದೇ ಯಂತ್ರದಲ್ಲಿ ಹೊಂದಿಕೊಳ್ಳುತ್ತಿದ್ದುವು. ಜೀರ್ಣವಾದ ದೇವಾಲಯದಲ್ಲಿ ಗರ್ಭಗೃಹವನ್ನು ಉಳಿಸಿಕೊಂಡು ಮಂಟಪದ ಕಂಬವನ್ನು ಮಾತ್ರ ಬದಲಿಸುವಂತೆ, ಯಂತ್ರದಲ್ಲಿಯೂ ದುರ್ಬಲವಾದ ಅಂಗವನ್ನು ಮಾತ್ರ ಬದಲಿಸುವುದು ಸಾಧ್ಯವಾಯಿತು. ಇದನ್ನು ಪ್ರಕೃತ ಲೇಖನದಲ್ಲಿ ಜೀರ್ಣೋದ್ಧಾರವೆಂದೂ, ಯಂತ್ರವನ್ನೇ ತೆಗೆದು ಹೊಸದನ್ನು ತರುವುದನ್ನು ನೂತನಪ್ರತಿಷ್ಠೆಯೆಂದೂ ವ್ಯವಹರಿಸಲಾಗುವುದು. ವಾಡಿಕೆಯಲ್ಲಿ ಅಪ್‌ಗ್ರೇಡ್ ಎಂಬ ಒಂದೇ ಶಬ್ದವು ಎರಡಕ್ಕೂ ಸಲ್ಲುವುದರಿಂದ ವಿಚಾರದಲ್ಲಿ ಗೊಂದಲವು ಉಂಟಾಗುವುದು.

೨. ವೃದ್ಧಿಯ ಕಾಲ

ಗಾರ್ಡನ್ ಮೂರ್ ಎಂಬವರು ೧೯೬೫ರಲ್ಲಿ ಬರೆದ ಒಂದು ಲೇಖನದಲ್ಲಿ, ಒಂದು ಚಿಪ್ಪಿನಲ್ಲಿ ಅಡಕವಾಗುವ ಸೂಕ್ಷ್ಮಭಾಗಗಳ ಸಂಖ್ಯೆಯು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿರುವುದೆಂದು ತೋರಿಸಿದರು. ೧೯೭೫ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಈ ಗಣನೆಯು ಬಹುಕಾಲ ನಿಜವಾಗಿ ನಡೆಯಿತು. ೧೯೭೧ರ ಇಂಟೆಲ್ ೪೦೦೪ರಲ್ಲಿ ೨,೩೦೦ ಟ್ರಾನ್ಸಿಸ್ಟರುಗಳಿದ್ದುವು, ಐ.ಬಿ.ಎಂ. ಯಂತ್ರದ ೮೦೮೮ರಲ್ಲಿ ಸುಮಾರು ೨೯,೦೦೦. ೧೯೮೫ರ ೩೮೬ರಲ್ಲಿ ೨ ಲಕ್ಷದ ೭೫ ಸಾವಿರ. ೧೯೮೯ರ ೪೮೬ರಲ್ಲಿ ಸುಮಾರು ೧೨ ಲಕ್ಷ. ೧೯೯೩ರ ಪೆಂಟಿಯಮ್ಮಿನಲ್ಲಿ ೩೧ ಲಕ್ಷ. ಭಾಗಗಳು ಕಿರಿದಾದಂತೆ ಮಿಡಿತದ ಗತಿಯೂ ಏರಿತು. ೧೯೮೧ರಲ್ಲಿ ೪.೭೭ ಮೆಗಾಹರ್ಟ್ಸ್ ಇದ್ದುದು ೧೯೯೩ರಲ್ಲಿ ೬೬ಕ್ಕೂ, ೨೦೦೦ದ ಮಾರ್ಚಿಯಲ್ಲಿ ೧,೦೦೦ಕ್ಕೂ, ೨೦೦೨ರ ನವೆಂಬರಿನಲ್ಲಿ ೩,೦೬೦ಕ್ಕೂ ಮುಟ್ಟಿತು. ಇಪ್ಪತ್ತೊಂದು ವರ್ಷಗಳಲ್ಲಿ ಗತಿಯು ಆರುನೂರು ಮಡಿಗೂ ಮಿಗಿಲಾಗಿ ಬೆಳೆಯಿತೆಂದು ಇದರಿಂದ ಸಿದ್ಧವಾಗುವುದು.

ಇಂಥ ಕಾಲದಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ಯಂತ್ರವನ್ನು ಬದಲಿಸಿದವನು ಅವಿವೇಕಿಯಾಗಿರಲಿಲ್ಲ. ಹಿಂದಿನ ಯಂತ್ರದಲ್ಲಿ ಆಗದಿದ್ದ ಕೆಲಸವು ಹೊಸದರಲ್ಲಿ ನಿಜವಾಗಿಯೂ ಆಗುತ್ತಿದ್ದಿತು. ೧೯೮೪ರ ಮ್ಯಾಕಿಂಟಾಷ್ ಯಂತ್ರವು ಮೌಸಿನಿಂದ ಚಿತ್ರಗಳನ್ನು ತೋರಿಸಿ ಆಜ್ಞಾಪಿಸುವ ಕ್ರಮವನ್ನು ಜನಸಾಮಾನ್ಯರ ಬಳಿಗೆ ತಂದಿತು. ೧೯೮೫ರಲ್ಲಿ ಪೇಜ್‌ಮೇಕರ್ ಎಂಬ ತಂತ್ರಾಂಶವು ಹೊರಟು, ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುವ ಬದಲು ಪರದೆಯ ಮೇಲೆಯೇ ಪುಟವನ್ನು ಕಟ್ಟುವ ದಾರಿಯನ್ನು ತೆರೆಯಿತು. ಮುಂದೆ ಕನ್ನಡ ಮುದ್ರಣಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಇದೇ. ೧೯೯೦ರ ವಿಂಡೋಸ್ ೩.೦ ಮತ್ತು ೧೯೯೫ರ ವಿಂಡೋಸ್ ೯೫ ಈ ಕ್ರಮವನ್ನು ಐ.ಬಿ.ಎಂ. ಮಾದರಿಯ ಯಂತ್ರಗಳಲ್ಲಿ ಸಾರ್ವತ್ರಿಕವಾಗಿ ಮಾಡಿದುವು.

ಆದರೆ ಈ ವೃದ್ಧಿಯ ಫಲವೆಲ್ಲವೂ ಬಳಸುವವನ ಪಾಲಿಗೆ ಬರಲಿಲ್ಲ. ಪ್ಯಾಸ್ಕಲ್ ಎಂಬ ಗಣಕಭಾಷೆಯನ್ನು ರಚಿಸಿದ ನಿಕ್ಲಾಸ್ ವಿರ್ಥ್ ಅವರು ೧೯೯೫ರ ತಮ್ಮ ಒಂದು ಲೇಖನದಲ್ಲಿ, ಯಂತ್ರದ ವೇಗವು ಏರುವುದಕ್ಕಿಂತ ಶೀಘ್ರವಾಗಿ ತಂತ್ರಾಂಶವು ಸ್ಥೂಲವಾಗಿ ಮಂದವಾಗುತ್ತಿದೆಯೆಂಬ ಆಕ್ಷೇಪವನ್ನು ವಿಸ್ತರಿಸಿದರು. ಅವರ ಮಾತಿಗೆ ಅಂಕಿಗಳೇ ಸಾಕ್ಷಿ. ವಿಂಡೋಸ್ ೯೫ಕ್ಕೆ ಕನಿಷ್ಠ ೪ ಮೆಗಾಬೈಟ್ ರ್‍ಯಾಮ್ ಸಾಕಾಗಿದ್ದಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಗೆ ೬೪ ಮೆಗಾಬೈಟು. ೨೦೨೧ರ ವಿಂಡೋಸ್ ೧೧ಕ್ಕೆ ೪ ಗಿಗಾಬೈಟು, ಎಂದರೆ ೧೯೯೫ರ ಸಾವಿರ ಮಡಿಗಿಂತಲೂ ಅಧಿಕ.

ಇದಕ್ಕೆ ಪ್ರತಿಯಾಗಿ ಗ್ರಂಥವು ಎಷ್ಟು ಬೆಳೆಯಿತೆಂಬುದನ್ನು ಲೆಕ್ಕಹಾಕಿ ನೋಡಬಹುದು. ೫೦೦ ಪುಟಗಳ ಒಂದು ಕನ್ನಡ ಗ್ರಂಥದಲ್ಲಿ ಪುಟಕ್ಕೆ ೨,೦೦೦ ಅಕ್ಷರಸಂಕೇತಗಳಿರುವುವೆಂದು ಭಾವಿಸಿದರೆ ಒಟ್ಟು ೧೦ ಲಕ್ಷ ಸಂಕೇತಗಳಾಗುವುವು. ಇಂದಿನ ರೂಢಿಯ ಸಂಕೇತಕ್ರಮದಲ್ಲಿ ಒಂದಕ್ಕೆ ೩ ಬೈಟುಗಳು. ಆದ್ದರಿಂದ ಇಡೀ ಗ್ರಂಥವು ೩೦ ಲಕ್ಷ ಬೈಟು, ಸುಮಾರು ೩ ಮೆಗಾಬೈಟು. ೧೯೮೩ರ ಹಾರ್ಡ್ ಡಿಸ್ಕಿನಲ್ಲಿಯೂ ಇಂಥ ಮೂರು ಗ್ರಂಥಗಳನ್ನು ಇಡಬಹುದಾಗಿದ್ದಿತು. ಯಂತ್ರವು ಬೆಳೆದಂತೆ ಗ್ರಂಥವು ಬೆಳೆಯಲಿಲ್ಲ. ಸಾಹಿತ್ಯದ ಅಧ್ಯಾಪಕನೊಬ್ಬನು ತನ್ನ ಜೀವಮಾನದಲ್ಲಿ ಬರೆಯುವ ಸಮಸ್ತವೂ ಇಂದಿನ ಅತ್ಯಲ್ಪಬೆಲೆಯ ಪೆನ್‌ಡ್ರೈವಿನ ಒಂದು ಮೂಲೆಯಲ್ಲಿ ಅಡಗುವುದು. ಆದಕಾರಣ ಬರೆಹದ ಕೆಲಸಕ್ಕೆ ಸ್ಥಳವು ಸಾಲದೆಂಬ ಕಾರಣದಿಂದ ಯಂತ್ರವನ್ನು ಬದಲಿಸುವ ಅಗತ್ಯವು ಎಂದೋ ತೀರಿಹೋಗಿದೆ.

೩. ವೃದ್ಧಿಯ ಮಿತಿ

೨೦೦೪ರ ಸುಮಾರಿಗೆ ಈ ಚರಿತ್ರೆಯಲ್ಲಿ ಒಂದು ಮಹತ್ತ್ವದ ತಿರುವು ಉಂಟಾಯಿತು. ಮಿಡಿತದ ಗತಿಯನ್ನು ಏರಿಸಿದಷ್ಟೂ ಚಿಪ್ಪು ಕಾಯುವುದು ಹೆಚ್ಚಾಗಿ, ಆ ಕಾವನ್ನು ಹೊರಕ್ಕೆ ಸಾಗಿಸುವುದು ದುಸ್ಸಾಧ್ಯವಾಯಿತು. ಇಂಟೆಲ್ ಸಂಸ್ಥೆಯು ೪,೦೦೦ ಮೆಗಾಹರ್ಟ್ಸಿನ ಪೆಂಟಿಯಮ್ ೪ ಅನ್ನು ಹೊರತರುವ ಸಂಕಲ್ಪವನ್ನು ಆ ವರ್ಷವೇ ಕೈಬಿಟ್ಟಿತು. ೨೦೦೫ರಿಂದ ಒಂದೇ ಚಿಪ್ಪಿನಲ್ಲಿ ಎರಡು, ಬಳಿಕ ನಾಲ್ಕು, ಎಂಟು ಎಂದು ಕೋರುಗಳ ಸಂಖ್ಯೆಯನ್ನು ಹೆಚ್ಚಿಸುವ ಮಾರ್ಗವು ಹಿಡಿಯಲ್ಪಟ್ಟಿತು. ೨೦೨೩ರ ಜನವರಿಯಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ಅತಿವೇಗದ ಪ್ರೊಸೆಸರಿನ ಪರಮಾವಧಿ ಗತಿಯು ೬,೦೦೦ ಮೆಗಾಹರ್ಟ್ಸ್. ಎಂದರೆ ಮೊದಲ ಇಪ್ಪತ್ತೊಂದು ವರ್ಷಗಳಲ್ಲಿ ಆರುನೂರು ಮಡಿ ಏರಿದ ಗತಿಯು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎರಡು ಮಡಿಯಾಗುವುದೂ ಕಷ್ಟವಾಯಿತು.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಮಿಡಿತವೊಂದೇ ಶಕ್ತಿಯ ಅಳತೆಯಲ್ಲ. ಒಂದೊಂದು ಮಿಡಿತದಲ್ಲಿ ನಡೆಯುವ ಕೆಲಸವೂ ಹೆಚ್ಚಿದೆ, ಕೋರುಗಳೂ ಹೆಚ್ಚಿವೆ. ಆದುದರಿಂದ ಹೊಸ ಯಂತ್ರವು ಹಳೆಯದಕ್ಕಿಂತ ಬಹುಶಕ್ತವೇ ಅಲ್ಲವೇ ಎಂದು. ಇದು ನಿಜ. ಆದರೆ ಆ ಶಕ್ತಿಯು ಚಲಚ್ಚಿತ್ರಗಳ ಸಂಕಲನ, ದೊಡ್ಡ ಗಣಿತ, ಆಟಗಳು, ಛಾಯಾಚಿತ್ರಗಳ ಸಂಸ್ಕರಣ ಇಂಥ ಕೆಲಸಗಳಲ್ಲಿ ವ್ಯಕ್ತವಾಗುವುದೇ ಹೊರತು ಅಕ್ಷರಗಳನ್ನು ಒತ್ತಿ ಪುಟವನ್ನು ಕಟ್ಟುವುದರಲ್ಲಿ ವ್ಯಕ್ತವಾಗುವುದಿಲ್ಲ. ಬರೆಯುವವನ ಬೆರಳಿಗಾಗಿ ಯಂತ್ರವು ಕಾಯುತ್ತದೆ. ಯಂತ್ರಕ್ಕಾಗಿ ಬೆರಳು ಕಾಯುವುದಿಲ್ಲ. ತಂತ್ರಾಂಶಗಳ ಅಪೇಕ್ಷೆಯೂ ಇದೇ ಕಾಲದಲ್ಲಿ ಸ್ವಲ್ಪಕಾಲ ನಿಂತಿತು. ೨೦೦೯ರ ವಿಂಡೋಸ್ ೭ ಕೇಳಿದ ಕನಿಷ್ಠ ರ್‍ಯಾಮ್ ಎಷ್ಟೋ ೨೦೧೫ರ ವಿಂಡೋಸ್ ೧೦ ಕೇಳಿದುದೂ ಅಷ್ಟೆ.

ಹಾಗಾದರೆ ಹಳೆಯ ಯಂತ್ರಗಳು ಮಂದವಾಗಿ ತೋರುವುದೇಕೆ? ಬಹುಪಾಲು ಸಂದರ್ಭಗಳಲ್ಲಿ ದೋಷವು ಪ್ರೊಸೆಸರಿನದಲ್ಲ, ಹಾರ್ಡ್ ಡಿಸ್ಕಿನದು. ಅದರಲ್ಲಿ ತಿರುಗುವ ತಟ್ಟೆಯೂ ಅದರ ಮೇಲೆ ಅತ್ತಿತ್ತ ಚಲಿಸುವ ತೋಳೂ ಇರುವುವು. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ತಟ್ಟೆಯು ಒಂದು ಸುತ್ತಿಗೆ ಕ್ಷಣದ ೧೨೦ನೆಯ ಒಂದು ಭಾಗವನ್ನು ತೆಗೆದುಕೊಳ್ಳುವುದು. ಬೇಕಾದ ವಿಷಯವು ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಾದರೂ ಕಾಯಬೇಕು. ತೋಳು ಸರಿಯುವ ಕಾಲವು ಬೇರೆ. ಸಾವಿರಾರು ತುಣುಕುಗಳನ್ನು ಓದಬೇಕಾದಾಗ ಈ ವಿಳಂಬವು ಕೂಡಿ ಕೂಡಿ ನಿಮಿಷಗಳಾಗುವುದು. ಇದಕ್ಕೆ ಬದಲಾಗಿ ಬಂದ ಎಸ್.ಎಸ್.ಡಿ. ಎಂಬುದರಲ್ಲಿ ಚಲಿಸುವ ಅಂಗವೇ ಇಲ್ಲ. ೨೦೦೮ರ ಈಚೆಗೆ ಇದು ಸಾಮಾನ್ಯರಿಗೆ ಎಟುಕುವಂತಾಗಿ, ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿದ ಹತ್ತು ವರ್ಷದ ಯಂತ್ರವೂ ಮರುಜೀವ ಪಡೆದಂತೆ ಚುರುಕಾಗುವುದು ಅನುಭವಸಿದ್ಧವಾಗಿದೆ. ರ್‍ಯಾಮ್ ೪ ಗಿಗಾಬೈಟಿದ್ದುದನ್ನು ೮ಕ್ಕೆ ಏರಿಸಿದರೆ ಫಲವು ಇನ್ನೂ ಸ್ಪಷ್ಟ. ಇದು ಜೀರ್ಣೋದ್ಧಾರದ ಉತ್ತಮೋದಾಹರಣೆ.

ದುರ್ದೈವವಶಾತ್ ಈ ಮಾರ್ಗವೂ ಕ್ರಮೇಣ ಸಂಕುಚಿತವಾಗುತ್ತಿದೆ. ೨೦೧೨ರಲ್ಲಿ ಆಪಲ್ ಸಂಸ್ಥೆಯು ಹೊರತಂದ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೋದಲ್ಲಿ ರ್‍ಯಾಮನ್ನು ಮೂಲಹಲಗೆಗೆ ಬೆಸುಗೆ ಹಾಕಲಾಗಿದ್ದಿತು. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಅನೇಕವು ಈಗ ಅದೇ ಕ್ರಮವನ್ನು ಅನುಸರಿಸಿವೆ. ಎಂಟು ಸ್ಲಾಟುಗಳಿಂದ ಆರಂಭವಾದ ಚರಿತ್ರೆಯು ತೆರೆಯಲಾಗದ ಪೆಟ್ಟಿಗೆಯ ಕಡೆಗೆ ಸಾಗಿದೆ. ಹೊಸ ಯಂತ್ರವನ್ನು ಕೊಳ್ಳುವವರು ಅದರ ವೇಗಕ್ಕಿಂತಲೂ ಮೊದಲು, ಮುಂದೆ ಅದರ ರ್‍ಯಾಮನ್ನೂ ಡಿಸ್ಕನ್ನೂ ಬದಲಿಸಲಾಗುವುದೇ ಎಂಬುದನ್ನು ವಿಚಾರಿಸುವುದು ಯುಕ್ತ.

೪. ಯಂತ್ರದಲ್ಲಿ ಕನ್ನಡ ಲಿಪಿ

ಇದುವರೆಗಿನ ವಿಚಾರವು ಸರ್ವದೇಶಸಾಧಾರಣವಾದುದು. ಕನ್ನಡ ವಿದ್ವಾಂಸರಿಗೆ ಇದಕ್ಕಿಂತಲೂ ಗುರುತರವಾದ ವಿಷಯವೊಂದುಂಟು. ಅದಾವುದೆಂದರೆ, ಯಂತ್ರವು ಬದಲಾದಾಗ ಅದರಲ್ಲಿದ್ದ ಕನ್ನಡ ಪಾಠವು ಕನ್ನಡವಾಗಿಯೇ ಉಳಿಯುವುದೇ ಎಂಬುದು.

ಮೊದಲಿನ ಯಂತ್ರಗಳು ರೋಮನ್ ಲಿಪಿಯನ್ನು ಮಾತ್ರ ಅರಿತಿದ್ದುವು. ಭಾರತೀಯ ಲಿಪಿಗಳಿಗಾಗಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ ಪ್ರಯತ್ನವು, ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದು, ‘ಜಿಸ್ಟ್’ ಎಂಬ ಕಾರ್ಡಿನ ರೂಪದಲ್ಲಿ ಫಲಿಸಿತು. ಇದನ್ನು ಐ.ಬಿ.ಎಂ. ಮಾದರಿಯ ಯಂತ್ರದ ಸ್ಲಾಟಿನಲ್ಲಿ ಸಿಕ್ಕಿಸಿದರೆ ಪರದೆಯ ಮೇಲೆ ನಮ್ಮ ದೇಶದ ಲಿಪಿಗಳು ಕಾಣುತ್ತಿದ್ದುವು. ಇದರೊಡನೆ ಬೆಳೆದ ‘ಇಸ್ಕಿ’ ಎಂಬ ಸಂಕೇತಕ್ರಮವು ೧೯೯೧ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾಯಿತು. ಅಕ್ಷರದ ಆಕಾರವನ್ನಲ್ಲದೆ ಅಕ್ಷರವನ್ನೇ ಸಂಕೇತಿಸುವುದು ಇದರ ವಿಶೇಷ. ‘ಕ್ಷ’ ಎಂಬುದು ಹೇಗೆ ಕಾಣುವುದೆಂಬುದನ್ನು ಬಿಟ್ಟು, ಅದು ಕಕಾರ ಷಕಾರಗಳ ಸಂಯೋಗವೆಂಬುದನ್ನು ಇದು ಗ್ರಹಿಸುತ್ತಿದ್ದಿತು. ವೈಯಾಕರಣರ ದೃಷ್ಟಿಗೆ ಇದೇ ಸಮ್ಮತವಾದ ಮಾರ್ಗ.

ಆದರೆ ಮುದ್ರಣಾಲಯಗಳಲ್ಲಿಯೂ ಮನೆಗಳಲ್ಲಿಯೂ ಹಬ್ಬಿದುದು ಬೇರೊಂದು ಮಾರ್ಗ. ರೋಮನ್ ಅಕ್ಷರಗಳಿಗೆ ನಿಯತವಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತು ಮುಂತಾದ ಅಕ್ಷರಖಂಡಗಳನ್ನು ಕೂಡಿಸಿ ಫಾಂಟುಗಳನ್ನು ನಿರ್ಮಿಸಲಾಯಿತು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿಯಾದ ಕೀಲಿಮಣೆಯ ವಿನ್ಯಾಸವು ಕನ್ನಡವನ್ನು ಒತ್ತುವ ಕೆಲಸವನ್ನು ಸುಲಭಗೊಳಿಸಿ, ಕರ್ನಾಟಕ ಸರ್ಕಾರದ ಮನ್ನಣೆಯನ್ನೂ ಪಡೆಯಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದು ಸಹಸ್ರಾರು ಜನರ ಕೈಗೆ ಕನ್ನಡ ಬರೆಹವನ್ನು ಒದಗಿಸಿದುವು. ಇವುಗಳ ಉಪಕಾರವು ಅಲ್ಪವೆಂದು ಯಾರೂ ಹೇಳಲಾರರು. ಆದರೂ ಆ ಫಾಂಟುಗಳ ಕ್ರಮದಲ್ಲಿ ಒಂದು ಮೂಲದೋಷವಿದ್ದಿತು. ಕಡತದಲ್ಲಿ ನಿಜವಾಗಿ ಉಳಿಯುತ್ತಿದ್ದುದು ರೋಮನ್ ಸಂಕೇತಗಳು. ಕನ್ನಡವು ಫಾಂಟಿನ ವೇಷದಿಂದ ಮಾತ್ರ ಕಾಣುತ್ತಿದ್ದಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥಶೂನ್ಯವಾದ ರೋಮನ್ ಅಕ್ಷರಗಳ ಸಾಲುಗಳು ತೋರುವುವು. ಒಂದು ತಂತ್ರಾಂಶದ ಅಕ್ಷರಖಂಡಗಳ ಸ್ಥಾನವು ಮತ್ತೊಂದರದಕ್ಕೆ ಹೊಂದದಿದ್ದಾಗ ಒಬ್ಬರು ಬರೆದುದು ಮತ್ತೊಬ್ಬರಿಗೆ ಓದಲಾಗುತ್ತಿರಲಿಲ್ಲ. ಪದಗಳನ್ನು ಅಕಾರಾದಿಯಲ್ಲಿ ಜೋಡಿಸುವುದೂ, ದೊಡ್ಡ ಗ್ರಂಥದಲ್ಲಿ ಒಂದು ಪ್ರಯೋಗವನ್ನು ಹುಡುಕುವುದೂ ಸುಲಭಸಾಧ್ಯವಾಗಿರಲಿಲ್ಲ.

೧೯೯೧ರಲ್ಲಿ ಹೊರಟ ಯುನಿಕೋಡ್ ಎಂಬ ಸಂಕೇತಕ್ರಮವು ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಸ್ಥಾನಗಳನ್ನು ಕಲ್ಪಿಸಿ, ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ವಿಭಾಗವನ್ನು ಕೊಟ್ಟಿತು. ಇದು ಇಸ್ಕಿಯ ಮಾರ್ಗದಲ್ಲಿಯೇ ನಡೆದುದು. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟೂ ಬಂದು, ಬೇರೆ ತಂತ್ರಾಂಶದ ನೆರವಿಲ್ಲದೆಯೇ ಯಂತ್ರವು ಕನ್ನಡವನ್ನು ಕನ್ನಡವೆಂದು ತಿಳಿಯುವಂತಾಯಿತು. ಕನ್ನಡಿಗರ ಮಟ್ಟಿಗೆ ನಿಜವಾಗಿ ಸಾರ್ಥಕವಾದ ನೂತನಪ್ರತಿಷ್ಠೆ ಯಾವುದೆಂದರೆ ಇದೇ. ವೇಗದ ಲಾಭವು ನಾಲ್ಕಾರು ವರ್ಷಗಳಲ್ಲಿ ಕರಗಿಹೋಗುವುದು. ಅಕ್ಷರಜ್ಞಾನದ ಲಾಭವು ಕರಗದು.

ಹಳಗನ್ನಡದ ವಿಷಯದಲ್ಲಿ ಈ ಲಾಭವು ಕ್ರಮವಾಗಿ ಬಂದಿತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿರುವ ರಳ ಕುಳ ಕ್ಷಳ ಭೇದವು ಬೋಧಿಸುವವರಿಗೆಲ್ಲ ತಿಳಿದುದೇ. ಆ ರಳವಾದ ೞಕಾರವು ಯುನಿಕೋಡಿನಲ್ಲಿ ಮೊದಲಿನಿಂದಲೂ ಇದೆ. ಆದರೆ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಹೆಸರು ಹಾಗೆಯೇ ನಿಂತು, ತಿದ್ದುಪಡಿಯ ಉಪನಾಮವು ಬಳಿಯಲ್ಲಿ ಸೇರಿದೆ. ಅವಗ್ರಹವು ೨೦೦೩ರ ಆವೃತ್ತಿಯಲ್ಲಿಯೂ, ಜಿಹ್ವಾಮೂಲೀಯ ಉಪಧ್ಮಾನೀಯಗಳು ೨೦೦೬ರ ಆವೃತ್ತಿಯಲ್ಲಿಯೂ, ಪ್ರಾಚೀನ ಬರೆಹಗಳ ನಕಾರಪೊಲ್ಲು ೨೦೨೧ರ ಆವೃತ್ತಿಯಲ್ಲಿಯೂ ಸ್ಥಾನ ಪಡೆದುವು. ಹೀಗಿರಲು, ಶಾಸನಪಾಠವನ್ನು ಯಥಾವತ್ತಾಗಿ ಮುದ್ರಿಸಬೇಕೆನ್ನುವವರಿಗೆ ಹೊಸತನವು ಉಪೇಕ್ಷಣೀಯವಲ್ಲ. ಆದರೂ ಇಲ್ಲಿ ಬೇಕಾದುದು ಅನೇಕವೇಳೆ ಆ ಅಕ್ಷರವನ್ನೊಳಗೊಂಡ ಹೊಸ ಫಾಂಟು, ಹೊಸ ಯಂತ್ರವಲ್ಲ.

೫. ಪೂರ್ವಪಕ್ಷ ಮತ್ತು ಸಿದ್ಧಾಂತ

ಈ ವಿಚಾರವು ಈಚೆಗೆ ತ್ವರೆಯದಾಗಿ ಪರಿಣಮಿಸಿದೆ. ೨೦೧೫ರಲ್ಲಿ ಹೊರಟ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು ೨೦೨೫ ಅಕ್ಟೋಬರ್ ೧೪ರಂದು ಮುಗಿಯಿತು. ಗೃಹಬಳಕೆಯವರಿಗೆ ಹೆಚ್ಚುವರಿಯಾಗಿ ಕಲ್ಪಿಸಿದ ಅವಧಿಯು ಒಂದು ವರ್ಷದ್ದು. ವಿಂಡೋಸ್ ೧೧ ಆದರೋ ಟಿ.ಪಿ.ಎಂ. ೨.೦ ಎಂಬ ರಕ್ಷಣಾಚಿಪ್ಪನ್ನೂ, ಸಂಸ್ಥೆಯು ಅಂಗೀಕರಿಸಿದ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಅಪೇಕ್ಷಿಸುವುದು. ಇಂಟೆಲ್ ಯಂತ್ರಗಳಲ್ಲಿ ಸ್ಥೂಲವಾಗಿ ಎಂಟನೆಯ ತಲೆಮಾರಿನಿಂದ, ಎಂದರೆ ೨೦೧೭ರ ಉತ್ತರಾರ್ಧದಿಂದ ಈಚಿನವುಗಳಿಗೆ ಮಾತ್ರ ಪ್ರವೇಶವುಂಟು. ಹೀಗೆ ೨೦೧೫-೧೬ರಲ್ಲಿ ಕೊಂಡ, ಇಂದಿಗೂ ದೃಢಕಾಯವಾದ ಯಂತ್ರಗಳು ಶಕ್ತಿಹೀನತೆಯಿಂದಲ್ಲ, ಲಕ್ಷಣದ ಕೊರತೆಯಿಂದ ಪಂಕ್ತಿಬಾಹ್ಯವಾದುವು.

ಇಲ್ಲಿ ಪೂರ್ವಪಕ್ಷಿಯು ಹೀಗೆ ವಾದಿಸುವನು: ರಕ್ಷಣೆಯಿಲ್ಲದ ಯಂತ್ರವನ್ನು ಬಳಸುವುದು ಅಪಾಯಕರ, ಹಳೆಯ ಭಾಗಗಳು ಯಾವಾಗ ಕೈಕೊಡುವುವೋ ತಿಳಿಯದು, ಆದ್ದರಿಂದ ಎಲ್ಲವನ್ನೂ ಬಿಸುಟು ಹೊಸದನ್ನು ತರುವುದೇ ಲೇಸು.

ಈ ವಾದದ ಮೊದಲ ಭಾಗವು ಗ್ರಾಹ್ಯವೇ. ಇಂಟರ್‌ನೆಟ್ಟಿಗೆ ಸೇರಿದ ಯಂತ್ರಕ್ಕೆ ರಕ್ಷಣೆಯು ಬೇಕು. ಆದರೆ ಅದರಿಂದ ಯಂತ್ರವನ್ನೇ ಬದಲಿಸಬೇಕೆಂದು ಸಿದ್ಧವಾಗುವುದಿಲ್ಲ. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬುದನ್ನು ಅಂಥ ಯಂತ್ರಗಳಲ್ಲಿ ಉಚಿತವಾಗಿ ಸ್ಥಾಪಿಸಬಹುದು. ಅದರಲ್ಲಿ ಯುನಿಕೋಡ್ ಕನ್ನಡವೂ, ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆಯೂ, ಬರೆಹಕ್ಕೆ ಲಿಬ್ರೆ‌ಆಫೀಸ್ ಎಂಬ ತಂತ್ರಾಂಶವೂ ದೊರೆಯುವುವು. ವಿಂಡೋಸಿಗೆಂದೇ ರಚಿತವಾದ ತಂತ್ರಾಂಶಗಳು ಅಲ್ಲಿ ನೇರವಾಗಿ ನಡೆಯವು ಎಂಬುದು ಅದರ ಕೊರತೆ. ಮುದ್ರಣಾಲಯದವರಿಗೆ ಇದು ಅಡ್ಡಿಯಾಗಬಹುದು, ಬರೆದು ಓದುವವರಿಗೆ ಆಗದು. ಇನ್ನು ಬಿಸುಡುವ ಮಾತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೨ರಲ್ಲಿ ಲೋಕದಲ್ಲಿ ಹುಟ್ಟಿದ ವಿದ್ಯುದುಪಕರಣಗಳ ಕಸವು ೬ ಕೋಟಿ ೨೦ ಲಕ್ಷ ಟನ್ನು. ಅದರಲ್ಲಿ ಕ್ರಮವಾಗಿ ಪುನರ್ಬಳಕೆಗೆ ಸಂದುದು ಶೇಕಡ ೨೨.೩ ಮಾತ್ರ.

ವಾದದ ಎರಡನೆಯ ಭಾಗಕ್ಕೆ ಉತ್ತರವು ಇನ್ನೂ ಮುಖ್ಯವಾದುದು. ಹಳೆಯ ಯಂತ್ರವು ಕೆಡುವುದೆಂಬ ಭಯವು ಸಹಜ. ಆದರೆ ಹೊಸ ಯಂತ್ರದಲ್ಲಿ ಹಳೆಯ ಪಾಠವು ತೆರೆಯುವುದೆಂಬ ನಂಬಿಕೆಯು ಸಹಜವಾದರೂ ನಿಜವಲ್ಲ. ೧.೪೪ ಮೆಗಾಬೈಟಿನ ಫ್ಲಾಪಿಗಳನ್ನು ಸೋನಿ ಸಂಸ್ಥೆಯು ೨೦೧೧ರಲ್ಲಿ ನಿಲ್ಲಿಸಿತು. ಹೊಸ ಯಂತ್ರಗಳಲ್ಲಿ ಅವನ್ನು ತೂರಿಸುವ ಬಾಯಿಯೇ ಇಲ್ಲ. ವಿಂಡೋಸ್ ೧೧ ಪೂರ್ತಿಯಾಗಿ ೬೪ ಬಿಟ್ಟಿನದಾದುದರಿಂದ ಡಾಸ್ ಕಾಲದ ಮತ್ತು ಮೊದಲ ವಿಂಡೋಸುಗಳ ೧೬ ಬಿಟ್ಟಿನ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯವು. ಪೇಜ್‌ಮೇಕರಿನ ಕೊನೆಯ ಆವೃತ್ತಿಯು ೨೦೦೧ರದು. ಹಳೆಯ ಫಾಂಟುಗಳಲ್ಲಿ ಕಟ್ಟಿದ ಪುಟಗಳು ಆ ಫಾಂಟೂ ಆ ತಂತ್ರಾಂಶವೂ ಇರುವ ಹಳೆಯ ಯಂತ್ರದಲ್ಲಿ ಮಾತ್ರ ಕನ್ನಡವಾಗಿ ಕಾಣುವುವು. ೧೯೯೦ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಕನ್ನಡದಲ್ಲಿ ಗಣಕದ ಮೂಲಕ ಸಿದ್ಧವ��ದ ಸಂಪಾದಿತ ಗ್ರಂಥಗಳು, ಪದಕೋಶಗಳು, ಸಂಶೋಧನ ಪ್ರಬಂಧಗಳು ಈ ಅವಸ್ಥೆಯಲ್ಲಿಯೇ ಹುಟ್ಟಿದುವು. ಅಚ್ಚಾದುವು ಕಾಗದದ ಮೇಲೆ ಉಳಿದಿವೆ. ಅಚ್ಚಾಗದ ಟಿಪ್ಪಣಿಗಳೂ ಪಾಠಾಂತರಗಳೂ ಕಡತದಲ್ಲಿ ಮಾತ್ರ ಇವೆ. ಅಂಥ ಯಂತ್ರವನ್ನು ಗುಜರಿಗೆ ಹಾಕುವುದು ಓಲೆಯ ಕಟ್ಟನ್ನು ಹೊಳೆಗೆ ಬಿಡುವುದಕ್ಕೆ ಸಮಾನ.

ಆದ್ದರಿಂದ ಸಿದ್ಧಾಂತವು ಹೀಗೆ ನಿಲ್ಲುವುದು. ಒಂದನೆಯದಾಗಿ, ಯಂತ್ರವು ಮಂದವಾಯಿತೆಂದು ತೋರಿದಾಗ ಯಾವ ಅಂಗವು ದುರ್ಬಲವೆಂದು ಪರೀಕ್ಷಿಸಬೇಕು. ಡಿಸ್ಕಾಗಲಿ ರ್‍ಯಾಮಾಗಲಿ ಆದರೆ ಅದನ್ನು ಮಾತ್ರ ಬದಲಿಸುವುದು ಅಲ್ಪವ್ಯಯದ ಮಾರ್ಗ. ಎರಡನೆಯದಾಗಿ, ರಕ್ಷಣೆಯು ಮುಗಿದ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ ಹಳೆಯ ಕಡತಗಳನ್ನು ಓದುವ ಸಾಧನವಾಗಿ ಉಳಿಸಿಕೊಳ್ಳಬಹುದು. ಇಲ್ಲವೆ, ಅದರೊಳಗಿನ ಪಾಠಗಳನ್ನು ಮೊದಲು ಬೇರೆಡೆಗೆ ಸಾಗಿಸಿ ಲಿನಕ್ಸನ್ನು ಸ್ಥಾಪಿಸಬಹುದು. ಮೂರನೆಯದಾಗಿ, ಕೆಲಸವೇ ಬದಲಾದಾಗ, ಓಲೆಗರಿಗಳ ದೊಡ್ಡ ಛಾಯಾಚಿತ್ರಗಳನ್ನು ಸಂಸ್ಕರಿಸುವುದು, ಮುದ್ರಿತ ಪುಟಗಳ ಚಿತ್ರದಿಂದ ಅಕ್ಷರಗಳನ್ನು ಯಂತ್ರದ ಮೂಲಕ ಗುರುತಿಸುವುದು ಮುಂತಾದುವನ್ನು ಕೈಗೊಂಡಾಗ, ನೂತನಪ್ರತಿಷ್ಠೆಯು ಸಾರ್ಥಕ. ನಾಲ್ಕನೆಯದಾಗಿ, ಯಾವ ಪಕ್ಷವನ್ನು ಹಿಡಿದರೂ ಪಾಠಸಂಕ್ರಮಣವು ಮೊದಲು ನಡೆಯತಕ್ಕುದು.

ಈ ಸಂಕ್ರಮಣದ ವಿಧಿಯು ಗ್ರಂಥಸಂಪಾದಕರಿಗೆ ಹೊಸದಲ್ಲ. ನುಡಿ, ಬರಹ ಮುಂತಾದುವುಗಳ ಹಳೆಯ ಫಾಂಟುಗಳ ಪಾಠವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುವುವು. ಆದರೆ ಪರಿವರ್ತನೆಯೂ ಒಂದು ಪ್ರತಿಯೇ. ಪ್ರತಿಯೆಂದ ಮೇಲೆ ಲಿಪಿಕಾರದೋಷವು ತಪ್ಪದು. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ವ್ಯಂಜನದ ಬಳಿಕ ಬರುವುದು, ಯುನಿಕೋಡಿನಲ್ಲಿ ರೇಫವು ಮೊದಲು ಬರುವುದು. ಈ ವ್ಯತ್ಯಾಸದಲ್ಲಿ ಅದು ಸ್ಥಾನಭ್ರಷ್ಟವಾಗಬಹುದು. ಱ ೞ ಗಳಿಗೆ ಹಳೆಯ ಫಾಂಟಿನಲ್ಲಿ ಬೇರೆ ಚಿಹ್ನೆಯನ್ನು ಕಲ್ಪಿಸಿಕೊಂಡಿದ್ದರೆ ಅವು ಅನ್ಯಾಕ್ಷರಗಳಾಗಬಹುದು. ಆದಕಾರಣ ಮೂಲಕಡತವನ್ನು ಹಾಗೆಯೇ ಉಳಿಸಿ, ಪರಿವರ್ತಿತ ಪಾಠವನ್ನು ಅಚ್ಚಾದ ಪುಟದೊಡನೆಯೋ ಹಳೆಯ ಯಂತ್ರದ ಪರದೆಯೊಡನೆಯೋ ಓದಿ ತಾಳೆನೋಡಿ, ಬೇರೆ ಬೇರೆ ಸ್ಥಳಗಳಲ್ಲಿ ಎರಡು ಮೂರು ಪ್ರತಿಗಳನ್ನು ಇಡಬೇಕು. ತಾಳೆನೋಡಿ ಮುಗಿಯುವವರೆಗೆ ಹಳೆಯ ಯಂತ್ರವನ್ನು ಕೈಬಿಡಲಾಗದು.

೬. ಉಪಸಂಹಾರ

ಮೇಲ್ಕಂಡ ವಿಚಾರದಿಂದ, ವೈಯಕ್ತಿಕ ಗಣಕಯಂತ್ರದ ಐವತ್ತು ವರ್ಷಗಳ ಚರಿತ್ರೆಯಲ್ಲಿ ಮೊದಲರ್ಧದಲ್ಲಿ ಹೊಸ ಯಂತ್ರವು ಹೊಸ ಸಾಮರ್ಥ್ಯವನ್ನು ತರುತ್ತಿದ್ದಿತೆಂದೂ, ಉತ್ತರಾರ್ಧದಲ್ಲಿ ಬರೆಹದ ಕೆಲಸಕ್ಕೆ ಅಂಥ ಲಾಭವು ಕ್ಷೀಣಿಸಿತೆಂದೂ ವ್ಯಕ್ತವಾಗುವುದು. ಬೆಲೆ, ವೇಗ, ಹೊಳಪು ಇವುಗಳಿಂದ ಮಾಡುವ ತೂಕವು ವರ್ತಕರದು. ಸಾಹಿತ್ಯವನ್ನು ಬೋಧಿಸುವವರೂ ಸಂಶೋಧಿಸುವವರೂ ಕೇಳಬೇಕಾದ ಪ್ರಶ್ನೆಗಳು ಎರಡೇ: ಹೊಸ ಯಂತ್ರವು ಹಳೆಯದು ಅರಿಯದ ಅಕ್ಷರವನ್ನೋ ಕೆಲಸವನ್ನೋ ಅರಿತಿದೆಯೇ, ಮತ್ತು ಹಳೆಯದರಲ್ಲಿರುವ ಪಾಠವು ಅದರೊಳಕ್ಕೆ ಅವಿಕಲವಾಗಿ ಬರುವುದೇ. ಎರಡಕ್ಕೂ ಹೌದೆಂಬ ಉತ್ತರವು ದೊರೆತಲ್ಲಿ ವ್ಯಯವು ಯುಕ್ತ. ಎರಡನೆಯದಕ್ಕೆ ಇಲ್ಲವೆಂಬುದೇ ಉತ್ತರವಾದಲ್ಲಿ ಹೊಸ ಯಂತ್ರವನ್ನು ಕೊಳ್ಳುವುದಕ್ಕೆ ಮುಂಚೆ ಹಳೆಯದರ ಮುಂದೆ ಕುಳಿತು ಪ್ರತಿಮಾಡುವುದು ಕರ್ತವ್ಯ.

ವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿಯೂ, ಮುದ್ರಣಾಲಯಗಳ ಅಟ್ಟಗಳಲ್ಲಿಯೂ, ದಿವಂಗತ ವಿದ್ವಾಂಸರ ಮನೆಗಳಲ್ಲಿಯೂ ಇರುವ ಹಳೆಯ ಯಂತ್ರಗಳ, ಫ್ಲಾಪಿಗಳ, ಸಿ.ಡಿ.ಗಳ ಪಟ್ಟಿಯನ್ನು ಮಾಡಿ, ಅವುಗಳಲ್ಲಿರುವ ಪಾಠಗಳು ಯಾವ ಫಾಂಟಿನಲ್ಲಿ, ಯಾವ ತಂತ್ರಾಂಶದಲ್ಲಿ ಇವೆಯೆಂಬುದನ್ನು ಗುರುತಿಸುವ ಕಾರ್ಯವನ್ನು ಹಸ್ತಪ್ರತಿಗಳ ಸೂಚೀಕರಣದಷ್ಟೇ ಗೌರವದಿಂದ ಕೈಗೊಳ್ಳುವುದು ಅತ್ಯವಶ್ಯಕವಾಗಿದೆ. ಕಾಂತಶಕ್ತಿಯಿಂದ ಬರೆದ ಫ್ಲಾಪಿಯು ಓಲೆಗರಿಯಂತೆ ಶತಮಾನಗಳ ಕಾಲ ಕಾಯುವುದಿಲ್ಲ; ಅದನ್ನು ಓದಬಲ್ಲ ಯಂತ್ರಗಳೂ ವರ್ಷವರ್ಷಕ್ಕೆ ಕಡಮೆಯಾಗುತ್ತಿವೆ.